ಅಮ್ಮನ ಬೆನ್ನಿನ ಪ್ಯಾಚು

“ಹಳೇ ಪ್ಯಾಚು ಕೀಳದೆ ಪಕ್ಕದಲ್ಲೇ ಹೊಸದು ಅಂಟಿಸಿದ್ದೀಯ! ಅಮ್ಮನ್ನ ಸಾಯಿಸ್ತಿದ್ದೆ ನೀನು!” ತಮ್ಮ ಕೂಗಾಡಿದ.

“ನಾಲಿಗೆ ಬಿಗಿ ಹಿಡಿ,” ಅಂದಳು ಅಕ್ಕ. “ಡಾಕ್ಟರು ಕಿತ್ತಿದ್ದು ಒಂದೇ ಪ್ಯಾಚು. ನೀನೂ ಇಲ್ಲೇ ನಿಂತಿದ್ಯಲ್ಲ, ಕಣ್ಣು ಮನೇಲಿ ಮರೆತು ಬಂದಿದ್ಯಾ?”

“ಇನ್ನೊಂದನ್ನ ಮೊದಲೇ ಕಿತ್ತು ಬಿಸಾಕಿರ್ತೀಯ, ನಾನು ಬೈತೀನಿ ಅಂತ.”

ವಾರ್ಡಿನಲ್ಲಿ ಅಕ್ಕಪಕ್ಕದ ಮಂಚದವರೆಲ್ಲ ಎದ್ದು ಕೂತರು. ಬೆನ್ನಿಗೆ ಅಂಟಿಸಿದ ಪ್ಯಾಚಿನಿಂದ ನೋವಿನ ಔಷಧಿ ಮೈಗೆ ಮಿತಿಮೀರಿ ಸೇರಿ, ಬೆಳಿಗ್ಗೆ ಅಮ್ಮ ಉಸಿರಾಡುವುದನ್ನೇ ಮರೆತವಳಂತಾಗಿದ್ದಳು. ಈಗಷ್ಟೇ ಕಣ್ಣು ಬಿಟ್ಟಿದ್ದಳು.

ಆ ಪ್ಯಾಚಿನ ಪೊರೆ ಹುಟ್ಟಿದ್ದು ತಮ್ಮನ ಪ್ರಯೋಗಾಲಯದಲ್ಲೇ. ಪೊರೆಯ ತುಂಬ ಕಣ್ಣಿಗೆ ಕಾಣದ ತೂತುಗಳು, ಅವುಗಳೊಳಗೆ ಪಾಲಿಮರ್ ಎಳೆಗಳು. ನೋವಿನ ಜಾಗ ಊದಿ ಬಿಸಿಯಾದರೆ ಎಳೆಗಳು ಮುದುಡಿ ಔಷಧಿಗೆ ದಾರಿ ಬಿಡುತ್ತವೆ. ತಣ್ಣಗಾದರೆ ಹಿಗ್ಗಿ ಬಾಗಿಲು ಹಾಕುತ್ತವೆ. ವರ್ಷಗಟ್ಟಲೆ ಅದರ ಹಿಂದೆ ಬಿದ್ದವನು ಅವನು. ರೋಗಿಗಳ ಮೇಲೆ ಪರೀಕ್ಷೆ ಶುರುವಾದಾಗ ಅಮ್ಮನನ್ನೂ ಸೇರಿಸಿದವನು ಅವನೇ.

“ಪ್ಯಾಚು ಕೊಟ್ಟಾಗ್ಲೇ ಏನಾದ್ರೂ ಜಾಗ್ರತೆ ಮಾಡ್ಬೇಕಾ ಅಂತ ಕೇಳಿದ್ದೆನಲ್ಲ,” ಅಂದಳು ಅಕ್ಕ. “ನಿನ್ನ ತಲೆಗೆ ಹತ್ತಲ್ಲ, ಅಂಟಿಸಿದ್ರೆ ಸಾಕು ಅಂದೆ. ಅಮ್ಮನ ಉಚ್ಚೆ ಬಟ್ಟೆ ಒಗೆಯೋಳು ನಾನು ಕಣೋ. ಭಾನುವಾರ ಬಂದು ಮುಖ ತೋರಿಸಿ ಹೋಗೋನು ನೀನು.”

ಅಮ್ಮ ಬೆರಳಾಡಿಸಿ ಕರೆದಳು. ಅವನು ಬಗ್ಗಿ ಕಿವಿ ಕೊಟ್ಟ.

“ಬೆಳಿಗ್ಗೆ ಬೆನ್ನಿಗೆ ಬಿಸಿನೀರಿನ ಚೀಲ ಇಟ್ಯಲ್ಲ ಮಗನೇ… ಹಾಯಾಗಿತ್ತು.”

ಈ ಭಾನುವಾರವೂ ಅವನು ಬೆಳಿಗ್ಗೆಯೇ ಬಂದಿದ್ದ; ಅಕ್ಕ ಸ್ನಾನಕ್ಕೆ ಹೋಗಿದ್ದಾಗ ಅಮ್ಮ ಚಳಿ ಎಂದು ನರಳಿದ್ದಳು. ಅವನು ಹಿಂದೆಮುಂದೆ ನೋಡದೆ ನೀರು ಕಾಯಿಸಿ, ಚೀಲ ತುಂಬಿ, ಸರಿಯಾಗಿ ಪ್ಯಾಚಿನ ಮೇಲೆಯೇ ಒತ್ತಿ ಹಿಡಿದಿದ್ದ. ಬಿಸಿ ತಾಗಿಸಬೇಡಿ ಎಂದು ಊರಿಗೆಲ್ಲ ಭಾಷಣ ಬಿಗಿಯುವವನು! ತಲೆ ಎತ್ತಲಾಗಲಿಲ್ಲ.

“ಏನಂತೆ ಅಮ್ಮನಿಗೆ?” ಅಕ್ಕ ಕೇಳಿದಳು.

ಒಂದು ಮಾತು ಸಾಕಿತ್ತು. ಗಂಟಲವರೆಗೆ ಬಂತು ಕೂಡ. ಆದರೆ ಅಷ್ಟು ಹೊತ್ತು ಅವನ ಕೂಗಾಟ ಕೇಳಿದ್ದ ವಾರ್ಡಿಗೆ ವಾರ್ಡೇ ಅವನ ಬಾಯಿ ನೋಡುತ್ತಿತ್ತು.

“ಏನಿಲ್ಲ. ನೀರು ಬೇಕಂತೆ.”

ಅಕ್ಕ ಲೋಟಕ್ಕೆ ನೀರು ಬಗ್ಗಿಸಿ ಅವನ ಕೈಗಿಟ್ಟಳು. ಮನೆಯ ಬೀಗದ ಕೈ ಮಂಚದ ಮೇಲೆ ಎಸೆದಳು.

“ಇನ್ಮೇಲೆ ನೀನೇ ನೋಡ್ಕೋ. ಹೆತ್ತವಳನ್ನ ಸಾಯಿಸೋಳು ಅನ್ನಿಸ್ಕೊಂಡು ನಾನಿಲ್ಲಿ ಇರಲ್ಲ.”

“ಅಕ್ಕಾ…”

ಅವಳು ಬಾಗಿಲಲ್ಲಿ ನಿಂತಳು. ತಿರುಗಿ ಅವನ ಮುಖ ನೋಡಿದಳು. ಇನ್ನೇನಾದರೂ ಹೇಳುತ್ತಾನೇನೋ ಎಂದು ಕಾದಳು. ಅವನು ಲೋಟವನ್ನೇ ನೋಡುತ್ತ ನಿಂತ.

ಅಕ್ಕ ಹೋದಳು. ಮತ್ತೆ ಬರಲಿಲ್ಲ.