ಅಪ್ಪ ದಾರಿ ತಪ್ಪಿದ, ಮಗಳು ಮರ ತಬ್ಬಿದಳು

ಮಕ್ಕಳನ್ನು ಕಟ್ಟಿಕೊಂಡು ಊರು ಬಿಡುವುದೆಂದರೆ ಎಷ್ಟು ಗದ್ದಲ ಎಂಬುದು ನಿಮಗೂ ಗೊತ್ತು. ಒಬ್ಬರ ಚಪ್ಪಲಿ ಸಿಗುವುದಿಲ್ಲ, ಇನ್ನೊಬ್ಬರಿಗೆ ಹೊರಡುವ ಹೊತ್ತಿಗೇ ಒಂದಕ್ಕೆ ಬರುತ್ತದೆ.

ಆ ಮನೆಯಲ್ಲೂ ಅವತ್ತು ಹಾಗೇ ಆಗಿತ್ತು. ಅಪ್ಪ ಶಾಲಾ ವ್ಯಾನಿನ ಡ್ರೈವರ್. ವರ್ಷವಿಡೀ ಬೇರೆಯವರ ಮಕ್ಕಳನ್ನು ಕೂರಿಸಿಕೊಂಡು ಓಡಾಡಿದವನು, ರಜೆಯಲ್ಲಿ ತನ್ನ ಮಕ್ಕಳನ್ನು ದೊಡ್ಡ ಮರಗಳ ಕಾಡಿಗೆ ಕರೆದುಕೊಂಡು ಹೊರಟಿದ್ದ. ಎರಡು ದಿನ ಅಲ್ಲೇ ಟೆಂಟ್ ಹಾಕಿಕೊಂಡು ಇರುವ ಯೋಚನೆ. ಅಮ್ಮ ಟೈಲರ್. ಅವಳು ಮಕ್ಕಳಿಬ್ಬರಿಗೂ ಕಣ್ಣು ಕುಕ್ಕುವ ಕಿತ್ತಳೆ ಬಣ್ಣದ ಅಂಗಿ ಹೊಲಿದಿದ್ದಳು.

"ಇದೇನೇ ಇದು, ರಸ್ತೆ ರಿಪೇರಿಯವರ ಥರ?" ಎಂದು ಅಪ್ಪ ನಕ್ಕ.

"ನಗ್ರೀ, ನಗ್ರೀ. ಎಷ್ಟು ದೂರ ಓಡಿದ್ರೂ ನನ್ನ ಕಣ್ಣಿಗೆ ಬೀಳ್ತಾರೆ."

ಮಗಳಿಗೆ ಏಳು ವರ್ಷ. ಬಾಯಿ ಮುಚ್ಚಿದ್ದೇ ಇಲ್ಲವಾದ್ದರಿಂದ ಮನೆಯವರೆಲ್ಲ ಅವಳನ್ನು ಪಿಟೀಲು ಎನ್ನುತ್ತಿದ್ದರು. ತಮ್ಮನಿಗೆ ಮೂರು ವರ್ಷ, ಹೆಸರಿಗೆ ತಕ್ಕ ಗುಂಡ. ದಾರಿಯುದ್ದಕ್ಕೂ "ಕಾಡು ಬಂತಾ? ಈಗ ಬಂತಾ?" ಎಂದು ಕೇಳಿ ಕೇಳಿ ಪಿಟೀಲು ಅಪ್ಪನ ತಲೆ ತಿಂದಳು. ಕೊನೆಗೆ ಒಂದು ತಿರುವು ದಾಟಿದ್ದೇ ತಡ, ಅವಳ ಮಾತು ತಾನಾಗಿಯೇ ನಿಂತುಹೋಯಿತು. ರಸ್ತೆಯ ಎರಡೂ ಕಡೆ ಅಂಥ ಮರಗಳು! ಕಿಟಕಿಯಿಂದ ತಲೆ ಎತ್ತಿ ಎಷ್ಟು ಮೇಲೆ ನೋಡಿದರೂ ತುದಿ ಕಾಣಲಿಲ್ಲ. ಬುಡವೇ ಅವರ ಮನೆಯ ಅಡುಗೆಕೋಣೆಗಿಂತ ಅಗಲ.

"ಅಯ್ಯಪ್ಪಾ!" ಎಂದ ಗುಂಡ.

ಗೇಟಿನ ಬಳಿ ಖಾಕಿ ಬಟ್ಟೆಯ ಅರಣ್ಯ ಗಾರ್ಡ್ ಒಬ್ಬಳು ಇವರ ವ್ಯಾನ್ ನಿಲ್ಲಿಸಿದಳು. ಹೆಸರು ಬರೆದುಕೊಂಡು, ಮಕ್ಕಳಿಬ್ಬರ ಕೊರಳಿಗೂ ಒಂದೊಂದು ಸೀಟಿ ಹಾಕಿದಳು.

"ಪುಟ್ಟಿ, ಕೇಳು. ದಾರಿ ತಪ್ಪಿತು ಅನ್ನಿಸಿದ ತಕ್ಷಣ ನಿಂತ್ಬಿಡು. ಹತ್ತಿರದ ಮರ ತಬ್ಕೋ. ಅಲ್ಲಿಂದ ಕದಲಬೇಡ. ಮೂರು ಸಲ ಸೀಟಿ ಊದು. ಸುಧಾರಿಸ್ಕೊಂಡು ಮತ್ತೆ ಮೂರು ಸಲ."

"ಮರ ಯಾಕೆ ತಬ್ಕೋಬೇಕು?"

"ಹೆದರಿಕೆ ಆದಾಗ ಕಾಲು ತಾನೇ ಓಡೋಕೆ ಶುರುಮಾಡುತ್ತೆ. ಓಡಿದಷ್ಟೂ ನಾವು ಹುಡುಕೋ ಜಾಗ ದೊಡ್ಡದಾಗುತ್ತೆ. ಮರ ತಬ್ಕೊಂಡ್ರೆ ಕೈಗೆ ಕೆಲಸ, ಕಾಲಿಗೆ ರಜೆ."

ಅಪ್ಪನಿಗೆ ತಡೆಯಲಾಗಲಿಲ್ಲ. "ಮೇಡಂ, ಹತ್ತೊಂಬತ್ತು ವರ್ಷದಿಂದ ಸ್ಟೀರಿಂಗ್ ಹಿಡಿದಿದೀನಿ. ಕಣ್ಣು ಕಟ್ಟಿ ಬಿಟ್ರೂ ಮನೆ ಸೇರ್ತೀನಿ. ಮಕ್ಕಳನ್ನ ಸುಮ್ಸುಮ್ನೆ ಹೆದರಿಸಬೇಡಿ."

"ಹೆದರಿಸ್ತಿಲ್ಲ ಅಣ್ಣಾ. ಇಲ್ಲಿ ಬೋರ್ಡೂ ಇರಲ್ಲ, ದಾರಿ ಕೇಳೋಕೆ ಟೀ ಅಂಗಡಿಯೂ ಇರಲ್ಲ. ಗೊತ್ತಿದ್ರೆ ಒಳ್ಳೇದು ಅಷ್ಟೇ."

ಮರುದಿನ ಬೆಳಿಗ್ಗೆ ಟೆಂಟಿನ ಪಕ್ಕದ ಮರವನ್ನು ನಾಲ್ವರೂ ಕೈಕೈ ಹಿಡಿದು ಸುತ್ತಲು ನೋಡಿದರು. ಅರ್ಧವೂ ಸುತ್ತಲಾಗಲಿಲ್ಲ. ಅಷ್ಟರಲ್ಲಿ ಎಲ್ಲೋ 'ಟಕ ಟಕ ಟಕ' ಎಂದು ಮರಕುಟಿಗನ ಸದ್ದು.

"ಅಪ್ಪಾ, ನೋಡೋಣ ಬಾ!"

"ಎಲ್ಲಿಗ್ರೀ?" ಎಂದಳು ಅಮ್ಮ, ಗುಂಡನ ಬಾಯಿಗೆ ಬಾಳೆಹಣ್ಣು ಇಡುತ್ತ.

"ಇಲ್ಲೇ ಕಣೇ, ಕೂಗಳತೆ ದೂರ."

ಅಪ್ಪ ಮಗಳು ಕಾಲುದಾರಿ ಬಿಟ್ಟು ಸದ್ದಿನ ಹಿಂದೆ ಹೋದರು. ಹಕ್ಕಿ ಒಂದು ಮರದಿಂದ ಇನ್ನೊಂದಕ್ಕೆ ಹಾರಿತು. ಇವರೂ ಹೋದರು. ಕೆಂಪು ಜುಟ್ಟು ಕಂಡಿತು! ಪಿಟೀಲು ಕುಣಿದಾಡಿದಳು. ತಿರುಗಿ ಹೊರಟಾಗ ಮಾತ್ರ ಎಲ್ಲ ಮರಗಳೂ ಒಂದೇ ಥರ ಕಂಡವು. ಅಪ್ಪ ಎಡಕ್ಕೆ ನಡೆದ. ಆಮೇಲೆ ಬಲಕ್ಕೆ. ಪಾಚಿ ಹಿಡಿದ ಒಂದು ಕೊರಡು ದಾಟಿದರು. ಸ್ವಲ್ಪ ಹೊತ್ತಿಗೆ ಅದೇ ಕೊರಡು ಮತ್ತೆ ಎದುರಾಯಿತು. ಅಪ್ಪ ನಿಂತು ಸುತ್ತಲೂ ಕಣ್ಣು ಹಾಯಿಸಿದ.

"ಅಪ್ಪಾ, ನಾವು ದಾರಿ ತಪ್ಪಿದೀವಾ?"

"ಛೆ ಛೆ. ಶಾರ್ಟ್ ಕಟ್ ಹುಡುಕ್ತಿದೀನಿ. ಈ ಇಳಿಜಾರು ಹಿಡಿದ್ರೆ ರಸ್ತೆ ಸಿಕ್ಕೇ ಸಿಗುತ್ತೆ. ಬಾ."

ಪಿಟೀಲು ಬರಲಿಲ್ಲ. ಹತ್ತಿರದ ಮರಕ್ಕೆ ಹೋಗಿ ಹಲ್ಲಿಯ ಹಾಗೆ ಅಂಟಿಕೊಂಡಳು.

"ಏಯ್, ಆಟ ಸಾಕು. ನಡಿ."

"ಬರಲ್ಲ! ನಿನ್ನ ವ್ಯಾನಲ್ಲಿ ನೀನು ಹೇಳಿದ ಹಾಗೆ ಕೂತ್ಕೋತೀನಲ್ವಾ? ಇದು ಗಾರ್ಡ್ ಆಂಟಿ ಕಾಡು. ಇಲ್ಲಿ ಅವರು ಹೇಳಿದ್ದೇ!"

ಅಪ್ಪ ಕೈ ಹಿಡಿದು ಎಳೆದ. ಅವಳು ಇನ್ನೂ ಬಿಗಿಯಾಗಿ ತಬ್ಬಿದಳು. ಬಿಟ್ಟು ಹೋಗುವಂತಿಲ್ಲ, ಎತ್ತಿಕೊಂಡು ಹೋಗಲು ಅವಳು ಬಿಡುವುದಿಲ್ಲ. ಅವನು ಸೋತು ಬುಡದಲ್ಲಿ ಕುಳಿತ. ಅವಳು ಕೆನ್ನೆ ಉಬ್ಬಿಸಿ ಊದಿದಳು. ಮೂರು ಸಲ. ಸುಧಾರಿಸಿಕೊಂಡು ಮತ್ತೆ ಮೂರು ಸಲ. ಎಷ್ಟು ಹೊತ್ತು ಊದಿದಳೋ, ತುಟಿ ಕೆಂಪಗಾಯಿತು.

ಇತ್ತ ಅಮ್ಮ ಕೂಗಿ ನೋಡಿದಳು. ಓಗೊಡುವವರಿಲ್ಲ. ಗುಂಡನನ್ನು ಸೊಂಟಕ್ಕೆ ಏರಿಸಿ ತಾನೇ ಕಾಡಿಗೆ ನುಗ್ಗೋಣ ಅನ್ನಿಸಿತು. ಆದರೆ ತಾನೂ ದಾರಿ ತಪ್ಪಿದರೆ? ಕಾಲುದಾರಿ ಬಿಡದೆ ನೇರ ಗೇಟಿಗೆ ಓಡಿದಳು. ಹತ್ತೇ ನಿಮಿಷದಲ್ಲಿ ಗಾರ್ಡ್ ಹೊರಟಳು. ಕಾಡಿನೊಳಗೆ ಅವಳ ಕಿವಿಗೆ ಸೀಟಿ ಸದ್ದು ಬಿತ್ತು.

"ಡ್ರೈವರಣ್ಣಾ! ಪುಟ್ಟೀ!"

ಕೂಗು ಕೇಳಿ ಅಪ್ಪನಿಗೆ ಜೀವ ಬಂತು. ಆದರೆ ಬಾಯಿ ಬರಲಿಲ್ಲ.

"ಓ ಅನ್ನಪ್ಪಾ!"

"ತಾಳು, ಏನಂದ್ಕೋತಾರೋ... ನಿನ್ನೆ ತಾನೇ ಅಷ್ಟು ಮಾತಾಡಿದೀನಿ."

ಪಿಟೀಲು ಅವನ ಮುಖವನ್ನೇ ನೋಡಿದಳು. "ಬೈತಾರೆ ಅಂತ ಭಯಾನಾ ಅಪ್ಪಾ?"

ಆ ಮಾತು ಅವನಿಗೆ ನಾಟಿತು. ಎದ್ದು ನಿಂತು, ಹೊಟ್ಟೆಯಿಂದ ಕೂಗಿದ: "ಓ! ಇಲ್ಲಿದೀವಿ!"

ಮರಗಳ ನಡುವೆ ಕಿತ್ತಳೆ ಬಣ್ಣ ಕಂಡದ್ದೇ ಗಾರ್ಡ್ ಓಡಿ ಬಂದಳು. ಅವಳು ಬೈಯಲಿಲ್ಲ, ನಗಲೂ ಇಲ್ಲ. ನೀರಿನ ಬಾಟಲಿ ಕೈಗಿಟ್ಟು ಕೇಳಿದಳು, "ಯಾವ ಕಡೆ ಹೋಗೋಣ ಅಂತಿದ್ರಿ ಅಣ್ಣಾ?"

ಅಪ್ಪ ಇಳಿಜಾರು ತೋರಿಸಿದ. ಗಾರ್ಡ್ ಒಂದು ಕಲ್ಲು ತೆಗೆದು ಆ ಕಡೆಯ ಪೊದೆಯ ಮೇಲೆ ಎಸೆದಳು. ಕಲ್ಲು ಎಲೆಗಳಲ್ಲಿ ಮಾಯವಾಯಿತು. ತುಂಬ ಹೊತ್ತಿನ ಮೇಲೆ, ಎಲ್ಲೋ ಪಾತಾಳದಲ್ಲಿ 'ಟಣ್' ಎಂದಿತು. ಪೊದೆಯ ಹಿಂದೆ ನೆಲವೇ ಇರಲಿಲ್ಲ.

ಅಪ್ಪ ಮಗಳ ಪಕ್ಕದಲ್ಲಿ ತಾನೂ ಮರ ತಬ್ಬಿಕೊಂಡ.

ಟೆಂಟಿಗೆ ಬಂದಾಗ ಅಮ್ಮ ಅಳುತ್ತಲೇ ಬಾಯಿ ತೆರೆದಳು. "ನಿಮಗೇನಾದ್ರೂ ಬುದ್ಧಿ..."

"ಬೈಬೇಡಿ ಅಕ್ಕಾ," ಎಂದಳು ಗಾರ್ಡ್. "ಬೈಗುಳಕ್ಕೆ ಹೆದರಿ ಎಷ್ಟೋ ಮಕ್ಕಳು ಹುಡುಕೋರು ಬಂದ್ರೂ ಪೊದೇಲಿ ಅಡಗಿ ಕೂತಿರ್ತಾವೆ. ಕರೆದ್ರೂ ಓಗೊಡಲ್ಲ."

"ಮಕ್ಕಳಷ್ಟೇ ಅಲ್ಲ ಮೇಡಂ," ಎಂದ ಅಪ್ಪ ತಲೆ ತಗ್ಗಿಸಿ. "ನಾನೂ ಹಾಗೇ ಮಾಡಿದೆ. ಇವಳಿಲ್ಲದಿದ್ರೆ..." ಅಮ್ಮ ಇಬ್ಬರನ್ನೂ ಒಟ್ಟಿಗೇ ಅಪ್ಪಿಕೊಂಡಳು.

ಹಾಗಂತ ಅವರು ಹೆದರಿ ವಾಪಸು ಹೋಗಲಿಲ್ಲ. ಮಧ್ಯಾಹ್ನವೆಲ್ಲ ಗಾರ್ಡ್ ಜೊತೆ ಮರ ತಬ್ಬುವ ಆಟ. ಒಬ್ಬರು "ತಪ್ಪಿತು!" ಎಂದರೆ ಎಲ್ಲರೂ ನಿಂತು ಹತ್ತಿರದ ಮರ ತಬ್ಬಬೇಕು. ಮರ ಸಿಗದೆ ಗುಂಡ ಗಾರ್ಡ್ ಕಾಲನ್ನೇ ತಬ್ಬಿಕೊಂಡ. ಕಾಡೆಲ್ಲ ನಗು.

ರಜೆ ಮುಗಿದು ಶಾಲೆ ತೆರೆದ ಮೊದಲ ದಿನ, ಅಪ್ಪ ವ್ಯಾನ್ ಸ್ಟಾರ್ಟ್ ಮಾಡುವ ಮೊದಲು ಹಿಂದಕ್ಕೆ ತಿರುಗಿ ತನ್ನ ಕಥೆಯನ್ನು ತಾನೇ ಹೇಳಿದ. ಏನನ್ನೂ ಮುಚ್ಚಿಡಲಿಲ್ಲ. ಮಕ್ಕಳು ಬಿದ್ದು ಬಿದ್ದು ನಕ್ಕರು. ನಗುತ್ತ ಕಲಿತದ್ದು ಮರೆಯುವುದಿಲ್ಲ.

ನೀವೂ ಈ ಸಲ ಮಕ್ಕಳ ಜೊತೆ ಕಾಡಿಗೋ ಬೆಟ್ಟಕ್ಕೋ ಹೊರಟಿದ್ದೀರಾ? ಸಂತೋಷವಾಗಿ ಹೋಗಿ. ಎದ್ದು ಕಾಣುವ ಬಟ್ಟೆ ಹಾಕಿಸಿ, ಕೊರಳಿಗೊಂದು ಸೀಟಿ ಕಟ್ಟಿ, ಎಲ್ಲಿಗೆ ಹೋಗುತ್ತಿದ್ದೀರಿ ಎಂದು ಒಬ್ಬರಿಗಾದರೂ ಹೇಳಿ. ದಾರಿ ತಪ್ಪಿದರೆ ನಿಲ್ಲಬೇಕು, ಮರ ತಬ್ಬಬೇಕು, ಕರೆದರೆ ಓಗೊಡಬೇಕು ಎಂದು ಮನೆಯಲ್ಲೇ ಆಡಿಸಿ ಕಲಿಸಿ. ಎಲ್ಲಕ್ಕಿಂತ ಮೊದಲು ಮಗುವನ್ನು ಹತ್ತಿರ ಕೂರಿಸಿಕೊಂಡು ಈ ಒಂದು ಮಾತು ಹೇಳಿ: "ನೀನು ಕಳೆದುಹೋದ್ರೆ ನಾವು ಬೈಯಲ್ಲ ಕಂದಾ. ಹುಡುಕ್ಕೊಂಡು ಬರ್ತೀವಿ."