ಕೀಲಿ ಬದಲಾದ ಮನೆಗಳು

ಟೈಲರಮ್ಮ ಶಾಲೆಯ ಸಮವಸ್ತ್ರಕ್ಕೆ ಕಾಲರ್ ಹೊಲಿಯುತ್ತಿದ್ದಾಗ ಗೃಹನಿರ್ಮಾಣ ಸಹಕಾರ ಸಂಘದ ಕಾರ್ಯದರ್ಶಿ ಬಾಗಿಲಲ್ಲಿ ನಿಂತರು. ಕರೆದರೂ ಒಳಗೆ ಬರಲಿಲ್ಲ.

"ಸದಸ್ಯರಿಗೆಲ್ಲ ಕ್ರಯಪತ್ರ ಮಾಡಿಕೊಡ್ತಿದ್ದೀವಿ. ನಿಮ್ಮದು ಮೂರನೇ ಮಹಡಿ ಮನೆ. ಈ ನೆಲಮಹಡಿ ಮೇಲಿರೋ ಡ್ರೈವರ್ ಹೆಸರಲ್ಲಿದೆ, ನೀವು ಬಿಡಬೇಕಾಗತ್ತೆ."

"ಬದಲಾಯಿಸಿಕೊಂಡಿದ್ದು ನಿಮಗೂ ಗೊತ್ತಲ್ಲ, ಸಾರ್?"

"ನನಗೆ ಗೊತ್ತಿರೋದು ಬೇರೆ, ಸಂಘಕ್ಕೆ ಗೊತ್ತಿರೋದು ಬೇರೆ. ಬಾಯಿಮಾತನ್ನೆಲ್ಲ ಒಪ್ತಾ ಹೋದರೆ ನಾಳೆ ಬಾಡಿಗೆಗೆ ಬಂದವನೂ ಮನೆ ನನ್ನದೇ ಅಂತಾನೆ."

ಅವರ ಮಾತೂ ಸುಳ್ಳಲ್ಲ. ಚೀಟಿ ಎತ್ತಿ ಮನೆ ಹಂಚಿದ ದಿನ ನೆಲಮಹಡಿ ಡ್ರೈವರ್ ಪಾಲಿಗೆ ಬಂದಿತ್ತು, ಮೂರನೇ ಮಹಡಿ ಟೈಲರಮ್ಮನ ಪಾಲಿಗೆ. ಅದಕ್ಕೆ ಸ್ವಲ್ಪ ಮುಂಚೆ ಅವಳ ಗಂಡ ಗಾರೆ ಕೆಲಸಕ್ಕೆ ಕಟ್ಟಿದ ಸಾರುವೆಯಿಂದ ಬಿದ್ದು ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡಿದ್ದ. ಕಟ್ಟಡಕ್ಕೆ ಲಿಫ್ಟ್ ಇಲ್ಲ. ಅಂಗಳದಲ್ಲೇ ಡ್ರೈವರ್ ತನ್ನ ಕೀಲಿ ಅವಳ ಕೈಗಿಟ್ಟು ಅವಳದನ್ನು ತೆಗೆದುಕೊಂಡ. ಕೀಲಿ ಬದಲಾಯಿತು, ಕಾಗದ ಬದಲಾಗಲಿಲ್ಲ.

ಕಾರ್ಯದರ್ಶಿ ದನಿ ತಗ್ಗಿಸಿದರು. "ಅನುಮತಿ ಇಲ್ಲದೆ ಬದಲಾಯಿಸಿಕೊಂಡವರ ಹಂಚಿಕೆ ರದ್ದು ಮಾಡಬಹುದು ಅಂತ ನಿಯಮ ಇದೆ. ಡ್ರೈವರ್ ಸುಮ್ಮನಿದ್ದರೆ ಈ ಮನೆ ಅವರದು. ಬಾಯಿಬಿಟ್ಟರೆ ಅವರ ಮನೆಗೂ ಕುತ್ತು. ನಾಳೆ ಸಭೆ. ಅವರನ್ನೇ ಕೇಳಿ ನೋಡಿ."

ಟೈಲರಮ್ಮ ಮೇಲೆ ಹೋದಳು. ಡ್ರೈವರ್ ಆಗಷ್ಟೇ ಕೆಲಸದಿಂದ ಬಂದಿದ್ದ. ಸಂಘದವರು ಅವನಿಗೂ ವಿಷಯ ತಿಳಿಸಿದ್ದರು.

"ಅಣ್ಣ, ನೀವು ಮಾಡಿದ ಉಪಕಾರ ನಾನು ಮರೆತಿಲ್ಲ," ಎಂದು ಶುರು ಮಾಡಿದಳು.

ಡ್ರೈವರ್ ನೆಲ ನೋಡಿದ. ಅವನ ಹೆಂಡತಿ ಅಡುಗೆಮನೆಯಿಂದ ಬಂದಳು.

"ಯಾರು ಮಾಡಿದ ಉಪಕಾರ? ಇವರು ಬೆಳಿಗ್ಗೆ ಇಳೀತಾರೆ, ಸಂಜೆ ಹತ್ತುತಾರೆ. ನೀರು ಬರದ ದಿನ ಕೊಡ ಹೊತ್ತವಳು ನಾನು. ತುಂಬು ಬಸುರಿಯಾಗಿ ಈ ಮೆಟ್ಟಿಲು ಹತ್ತಿದ್ದೂ ನಾನೇ. ಕೀಲಿ ಕೊಡೋ ಮುಂಚೆ ಒಂದು ಮಾತು ಕೇಳಿದ್ರಾ? ಪುಣ್ಯ ಇವರಿಗೆ, ಮಂಡಿನೋವು ನನಗೆ!"

"ಅವತ್ತು ಅಷ್ಟು ಜನರ ಮುಂದೆ ಹೇಗೆ ಕೇಳಲಿ, ಮಾರಾಯ್ತಿ?" ಎಂದ ಡ್ರೈವರ್.

"ಜನರ ಮುಂದೆ ದೊಡ್ಡ ಮನುಷ್ಯ ಆಗೋಕೆ ನಿಮಗೇನು ಕಷ್ಟ? ಈಗ ನಮ್ಮ ಮನೆ ತಾನಾಗಿ ನಮಗೆ ಬರ್ತಿದೆ. ಬಾಯಿಮುಚ್ಚಿಕೊಂಡಿರಿ."

ಟೈಲರಮ್ಮ ಮೆಟ್ಟಿಲುದ್ದಕ್ಕೂ ಜೋಡಿಸಿಕೊಂಡು ಬಂದ ಮಾತುಗಳನ್ನು ಅಲ್ಲೇ ಬಿಟ್ಟಳು. ಡ್ರೈವರ್ ಕಡೆಯಿಂದ ಅವನ ಹೆಂಡತಿಯ ಕಡೆಗೆ ತಿರುಗಿ ನಿಂತಳು.

"ನಿಜ ಅಕ್ಕ. ಇಷ್ಟು ವರ್ಷ ಅಣ್ಣನಿಗೆ ಕೈ ಮುಗಿದೆ. ನೀವು ಎದುರಿಗೆ ಸಿಕ್ಕರೆ ಊಟ ಆಯ್ತಾ ಅಂತ ಕೇಳಿ ಮಿಷನ್ ತುಳೀತಾ ಕೂತೆ. ನಮ್ಮವರು ದಿನಾ ಗಾಲಿಕುರ್ಚಿ ತಳ್ಳಿಕೊಂಡು ಹೊರಗೆ ಹೋಗಿ ಬಿಸಿಲಿಗೆ ಕೂರ್ತಾರಲ್ಲ, ಅದು ನೀವು ಕೊಟ್ಟಿದ್ದು. ನನಗೆ ಹೊಳೀಲೇ ಇಲ್ಲ."

ಕೇಳಲು ಬಂದದ್ದನ್ನು ಕೇಳದೆಯೇ ಅವಳು ಇಳಿದು ಹೋದಳು.

ಮರುದಿನದ ಸಭೆಯಲ್ಲಿ ಕಾರ್ಯದರ್ಶಿ ಹಂಚಿಕೆಯ ಪಟ್ಟಿ ಓದಿದರು. ನೆಲಮಹಡಿಗೆ ಡ್ರೈವರ್ ಹೆಸರು ಬಂತು. "ಯಾರದಾದರೂ ಆಕ್ಷೇಪಣೆ?"

ಡ್ರೈವರ್ ಅರ್ಧ ಎದ್ದು ಹೆಂಡತಿಯ ಮುಖ ನೋಡಿದ. ಅವಳು ಅವನ ತೋಳು ಹಿಡಿದು ಕೂರಿಸಿ ತಾನೇ ಎದ್ದಳು.

"ಸದಸ್ಯರು ನಿಮ್ಮ ಯಜಮಾನರಲ್ವಾಮ್ಮ, ಅವರು ಮಾತಾಡಲಿ," ಎಂದಿತು ಹಿಂದಿನ ಸಾಲಿನ ಒಂದು ದನಿ.

"ಅವರು ಅವತ್ತು ಮಾತಾಡಿದ್ದೇ ಸಾಕು!"

ಸಭೆ ನಕ್ಕಿತು. ಅವಳು ನಗಲಿಲ್ಲ. "ಅವತ್ತು ನನ್ನನ್ನು ಯಾರೂ ಕೇಳಲಿಲ್ಲ. ಇವತ್ತು ಕೇಳದಿದ್ದರೂ ಹೇಳ್ತೀನಿ. ಮನೆ ಬದಲಾಯಿಸಿಕೊಂಡಿದ್ದು ನಿಜ. ಕೆಳಗಿನ ಮನೆ ಟೈಲರಮ್ಮನದು. ಮೇಲಿನದು ನಮ್ಮದು, ಅದರ ಪತ್ರದಲ್ಲಿ ಇವರ ಜೊತೆ ನನ್ನ ಹೆಸರೂ ಇರಬೇಕು."

"ಎರಡೂ ಹಂಚಿಕೆ ರದ್ದಾಗಬಹುದು, ಗೊತ್ತಿದೆ ತಾನೆ?" ಎಂದರು ಕಾರ್ಯದರ್ಶಿ.

"ಗೊತ್ತಿದ್ದೇ ನಿಂತಿದ್ದೀನಿ." ಡ್ರೈವರ್ ಹೌದೆಂದು ತಲೆಯಾಡಿಸಿದ, ಟೈಲರಮ್ಮನೂ ಎದ್ದು ತನ್ನ ಒಪ್ಪಿಗೆ ಹೇಳಿದಳು.

ಕಾರ್ಯದರ್ಶಿ ಕನ್ನಡಕ ತೆಗೆದು ಒರೆಸಿದರು. "ರದ್ದು ಮಾಡಬಹುದು ಅಂತಿದೆ. ಮಾಡಲೇಬೇಕು ಅಂತಿಲ್ಲ. ಎರಡೂ ಮನೆಯವರು ಸಭೆಯ ಮುಂದೆ ಒಪ್ಪಿದ್ದಾರೆ. ಬದಲಾವಣೆಗೂ, ಮೇಲಿನ ಮನೆಯ ಜಂಟಿ ಹೆಸರಿಗೂ ಸಭೆಯ ಒಪ್ಪಿಗೆ ಇದೆಯಾ? ಕೈ ಎತ್ತಿ."

ಒಂದೊಂದಾಗಿ ಕೈಗಳು ಮೇಲೆದ್ದವು. ಹಿಂದಿನ ಸಾಲಿನವನೂ ಎತ್ತಿದ.

ಸಂಜೆ ಡ್ರೈವರ್ ಹೆಂಡತಿ ತರಕಾರಿ ಚೀಲ ಹಿಡಿದು ಬಂದಾಗ ಟೈಲರಮ್ಮ ಮೆಟ್ಟಿಲ ಬುಡದಲ್ಲಿ ನಿಂತಿದ್ದಳು. ಬಾಯಿ ತೆರೆಯುವ ಮೊದಲೇ ಕಣ್ಣು ತುಂಬಿತು.

"ಅಳಬೇಡಿ. ಹತ್ತುವಾಗೆಲ್ಲ ನಿಮ್ಮನ್ನು ಚೆನ್ನಾಗಿ ಬೈದಿದ್ದೀನಿ."

"ಗೊತ್ತು ಅಕ್ಕ, ಕೇಳಿಸ್ತಿತ್ತು."

"ಕೇಳಿಸ್ತಿತ್ತಾ?"

"ಬಾಗಿಲು ತೆಗೆದೇ ಹೊಲೀತೀನಲ್ಲ."

ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಟೈಲರಮ್ಮ ಚೀಲಕ್ಕೆ ಕೈ ಹಾಕಿದಳು. ಅವಳು ಬಿಡಲಿಲ್ಲ. ಕ್ಷಣ ಹೊತ್ತು ಎಳೆದಾಟ ನಡೆಯಿತು.

"ನಿಮ್ಮ ಹೊಲಿಗೆ?"

"ಮಿಷನ್ ಎಲ್ಲೂ ಓಡಿಹೋಗಲ್ಲ. ನಡೀರಿ."

ಡ್ರೈವರ್ ಹೆಂಡತಿ ಕೈ ಸಡಿಲಿಸಿದಳು. ಕಂಬಿ ಹಿಡಿದು, ಮಂಡಿಗೆ ನೋವಾಗದಂತೆ, ನಿಧಾನವಾಗಿ ಬರಿಗೈಯಲ್ಲಿ ಹತ್ತತೊಡಗಿದಳು. ಹಿಂದೆ ಟೈಲರಮ್ಮ ಚೀಲವನ್ನು ಎದೆಗವಚಿಕೊಂಡು, ಅವಳನ್ನು ದಾಟದೆ, ಅವಳ ನಡಿಗೆಗೇ ಹೆಜ್ಜೆ ಹಾಕಿದಳು.