ಹದಿನೇಳನೇ ಹಂತದ ಕೆಂಪು ಸಾಲು

ನನ್ನ ಅತ್ತಿಗೆಯ ಮಾತನ್ನು ಯಾರಾದರೂ ಸುಳ್ಳು ಅಂದರೆ ನನಗೆ ಮೈಯೆಲ್ಲ ಉರಿಯುತ್ತದೆ. ಅವರ ಜೊತೆ ದಿನಕ್ಕೆ ಮೂರು ಸಲ ಜಗಳವಾಡುವ ಹಕ್ಕು ನಾದಿನಿಯಾದ ನನ್ನದು, ಬೇರೆಯವರದಲ್ಲ.

ನಾವಿಬ್ಬರೂ ಆಸ್ಪತ್ರೆಗಳಿಗೆ ಡ್ರಿಪ್ ಪಂಪ್ ಮಾಡುವ ಒಂದೇ ಕಂಪನಿಯಲ್ಲಿದ್ದೇವೆ. ಮೇಲಿನ ಮಹಡಿಯಲ್ಲಿ ನಾನು ಪ್ರೋಗ್ರಾಂ ಬರೆಯುತ್ತೇನೆ. ಕೆಳಗೆ, ಕಿಟಕಿಯಿಲ್ಲದ ಪರೀಕ್ಷೆಯ ಕೋಣೆಯಲ್ಲಿ ಅತ್ತಿಗೆ ಪಂಪುಗಳಿಗೆ ನೀರು ಕುಡಿಸುತ್ತ ಕೂರುತ್ತಾರೆ. ಪಂಪು ಹನಿ ಎಣಿಸುತ್ತದೆ. ಮೂವತ್ತೆರಡು ಸಾವಿರ ಚಿಲ್ಲರೆ ಹನಿ ದಾಟಿದರೆ ಎಣಿಕೆ ಅದರ ತಲೆಯಲ್ಲಿ ಹಿಡಿಸದೆ ಸೊನ್ನೆಗಿಂತ ಕೆಳಗೆ ಬೀಳುತ್ತದೆ. ರೋಗಿಗೆ ಎಷ್ಟು ಔಷಧಿ ಹೋಯಿತೆಂಬ ಲೆಕ್ಕವೇ ತಪ್ಪುವುದರಿಂದ ಆಗ ಪಂಪು ನಿಂತು ಕೂಗಬೇಕು. ದಿನಕ್ಕೊಂದರಂತೆ ಮೂರು ಪಂಪಿಗೆ ಕಿವಿಗೊಟ್ಟು ಕಾದ ಅತ್ತಿಗೆ, 'ಕೂಗುವುದಿಲ್ಲ' ಎಂದು ವರದಿ ಬರೆದರು.

ಆ ಭಾಗ ಬರೆದವರು ನಮ್ಮ ಹಿರಿಯ ಎಂಜಿನಿಯರ್. ಅವರ ಒಂದು ಸಾಲನ್ನೂ ಯಾರೂ ಮುಟ್ಟುವಂತಿಲ್ಲವಾದ್ದರಿಂದ ಬೆನ್ನ ಹಿಂದೆ ಅವರ ಹೆಸರು 'ಶಾಸನ'. ಅವರು ತಮ್ಮ ಮೇಜಿನ ಮೇಲಿನ ಪಂಪನ್ನು ಓಡಿಸಿ ತೋರಿಸಿದರು. ಅದು ಚೆನ್ನಾಗಿಯೇ ಕೂಗಿತು.

"ಕೇಳಿಸ್ತೇನಮ್ಮ? ಒಂದ್ಸಲ ಕಿವಿ ತೋರಿಸ್ಕೊಂಡು ಬಾ," ಅಂದರು. ನಾಲ್ಕು ಜನ ನಕ್ಕರು. ಬರುವ ಸೋಮವಾರದ ಸಭೆಯಲ್ಲಿ ವರದಿ ಕಸದ ಬುಟ್ಟಿಗೆ, ಇನ್ನೂರು ಪಂಪು ಆಸ್ಪತ್ರೆಗಳಿಗೆ, ಅತ್ತಿಗೆ ಪ್ಯಾಕಿಂಗ್ ವಿಭಾಗಕ್ಕೆ ಎಂದು ಆಗಲೇ ಮಾತಾಗಿತ್ತು.

ಮನೆಯಲ್ಲಿ ಅತ್ತಿಗೆ ನನ್ನ ಜೊತೆ ಜಗಳವನ್ನೂ ಆಡಲಿಲ್ಲ. ನನಗೆ ಹೆದರಿಕೆಯಾದದ್ದೇ ಆಗ.

"ನನಗೇ ಕೇಳಿಸ್ಲಿಲ್ವೇನೋ ಕಣೇ," ಅಂದರು ತಟ್ಟೆ ತೊಳೆಯುತ್ತ.

"ಸುಮ್ನಿರಿ ಅತ್ತಿಗೆ. ನಾನು ಬಾಗಿಲ ಹಿಂದೆ ಗೊಣಗಿದ್ದೂ ನಿಮಗೆ ಕೇಳಿಸುತ್ತೆ."

ನನ್ನ ಹತ್ತಿರ ಒಂದು ಸಲಕರಣೆಯಿತ್ತು, ಬಿಡುವಿನಲ್ಲಿ ನಾನೇ ಮಾಡಿದ್ದು. ನಾವು ಬರೆದ ಪ್ರೋಗ್ರಾಮನ್ನು ಕಂಪೈಲರ್ ಎಂಬ ತಂತ್ರಾಂಶ ಒಂದೇ ಏಟಿಗೆ ಯಂತ್ರದ ಭಾಷೆಗೆ ಇಳಿಸುವುದಿಲ್ಲ. ನಡುವೆ ತನ್ನದೇ ಒಂದು ರೂಪದಲ್ಲಿ ಬರೆದುಕೊಂಡು, ಹಂತ ಹಂತವಾಗಿ ತಿದ್ದಿ, ಬೇಡವೆನಿಸಿದ್ದನ್ನು ಕಿತ್ತುಹಾಕುತ್ತದೆ. ಆ ನಡುವಿನ ಬರಹವನ್ನು ಹಾಗೇ ಓದಲು ಹೋದರೆ ತಲೆ ಸುತ್ತುತ್ತದೆ. ನನ್ನ ಸಲಕರಣೆ ಅದನ್ನು ಮನುಷ್ಯರು ಓದುವಂತೆ ಬಿಡಿಸಿ, ನಮ್ಮ ಮೂಲ ಸಾಲಿನ ಪಕ್ಕದಲ್ಲಿಟ್ಟು, ಅಳಿಸಿದ್ದನ್ನು ಕೆಂಪಾಗಿ ತೋರಿಸುತ್ತಿತ್ತು. ಅದಕ್ಕೆ 'ಆಟಿಕೆ' ಎಂದು ಹೆಸರಿಟ್ಟವರೂ ಶಾಸನದವರೇ.

ತಟ್ಟೆ ಒರೆಸುತ್ತಿದ್ದಾಗ ನನಗೆ ಹೊಳೆಯಿತು. ಮೇಜಿನ ಪಂಪಿಗೆ ಪ್ರೋಗ್ರಾಂ ಹಾಕುವಾಗ, ತಪ್ಪು ಹುಡುಕಲು ಸುಲಭವಾಗಲೆಂದು ನಾವು ಕಂಪೈಲರಿನ ತಿದ್ದುವ ಕೆಲಸವನ್ನು ನಿಲ್ಲಿಸಿರುತ್ತೇವೆ. ಆಸ್ಪತ್ರೆಗೆ ಹೋಗುವ ಪಂಪಿನಲ್ಲಿ ನಿಲ್ಲಿಸಿರುವುದಿಲ್ಲ. ಅತ್ತಿಗೆ ಕಿವಿಗೊಟ್ಟದ್ದು ಆಸ್ಪತ್ರೆಯ ಪಂಪಿಗೆ.

ಸೋಮವಾರ ಸಭೆಯಲ್ಲಿ ನನ್ನ ಆಟಿಕೆಯನ್ನು ಗೋಡೆಯ ಪರದೆಯ ಮೇಲೆ ತೆರೆದೆ. ಆಸ್ಪತ್ರೆಗೆ ಹೋಗುವ ಪ್ರೋಗ್ರಾಂ, ಒಂದನೇ ಹಂತ. ಶಾಸನದವರ ಸಾಲು ಇತ್ತು: ಹನಿ ಕೂಡಿಸಿದ ಮೇಲೆ ಮೊತ್ತ ಮೊದಲಿಗಿಂತ ಕಡಿಮೆಯಾದರೆ, ಕೂಗು. ಹತ್ತನೇ ಹಂತದಲ್ಲೂ ಇತ್ತು. ಯಾರೋ ಆಕಳಿಸಿದರು. ಹದಿನೇಳನೇ ಹಂತದಲ್ಲಿ ಆ ಸಾಲು, ಅದರ ಜೊತೆ ಕೂಗುವ ಸಾಲು, ಎರಡೂ ಕೆಂಪಾದವು. ಹದಿನೆಂಟರಲ್ಲಿ ಎರಡೂ ಇರಲಿಲ್ಲ.

"ಕೂಡಿಸಿದ್ರೆ ಮೊತ್ತ ಕಡಿಮೆ ಆಗೋದು ಉಂಟಾ ಅಂದ್ಕೊಂಡು ಕಂಪೈಲರ್ ಕಿತ್ತು ಬಿಸಾಕಿದೆ ಸರ್," ಅಂದೆ. "ಇಲ್ಲದೇ ಇರೋದು ಹೇಗೆ ಕೂಗುತ್ತೆ? ಅತ್ತಿಗೆ ಕಿವಿ ಸರಿಯಾಗೇ ಇದೆ."

ಶಾಸನದವರು ಎದ್ದು ಗೋಡೆಯ ಹತ್ತಿರ ಹೋದರು. ಕನ್ನಡಕ ತೆಗೆದು ಕೆಂಪು ಸಾಲನ್ನು ಎರಡು ಸಲ ಓದಿದರು. ಬಯ್ಯುತ್ತಾರೆಂದುಕೊಂಡು ನಾನೂ ಬಾಯಿ ಸಜ್ಜು ಮಾಡಿಕೊಂಡಿದ್ದೆ.

"ತಪ್ಪು ನಂದೇ," ಅಂದರು. "ಕೂಡಿಸೋಕೆ ಮುಂಚೆನೇ ಜಾಗ ಇದ್ಯಾ ಅಂತ ನೋಡ್ಬೇಕಿತ್ತು." ನಂತರ ಅತ್ತಿಗೆಯ ಕಡೆ ತಿರುಗಿ, "ನಿಮ್ಮ ಪಂಪು ತನ್ನಿ," ಅಂದರು. 'ಬಾ' ಹೋಗಿ 'ತನ್ನಿ' ಬಂದದ್ದು ಕೇಳಿ ನನ್ನ ಹೊಟ್ಟೆ ತಣ್ಣಗಾಯಿತು.

ಅಲ್ಲೇ ಕೂತು ತಮ್ಮ ಸಾಲನ್ನು ತಾವೇ ಅಳಿಸಿ ಬೇರೆ ಬರೆದರು. ನಾನು ಮತ್ತೆ ಆಟಿಕೆಯಲ್ಲಿ ನೋಡಿದೆ. ಕೊನೆಯ ಹಂತದವರೆಗೂ ಸಾಲು ಉಳಿದಿತ್ತು. ಶಾಸನದವರು ಅದನ್ನು ಅತ್ತಿಗೆ ತಂದ ಪಂಪಿಗೆ ಹಾಕಿ, ಎಣಿಕೆ ಮಿತಿ ದಾಟಲು ಹತ್ತೇ ಹನಿ ಉಳಿಯುವಂತೆ ಇಟ್ಟು ಚಾಲೂ ಮಾಡಿದರು. ಅತ್ತಿಗೆ ಅಭ್ಯಾಸಬಲದಿಂದ ಕಿವಿಯನ್ನು ಪಂಪಿನ ಹತ್ತಿರ ತಂದರು. ಎಂಟು, ಒಂಬತ್ತು, ಹತ್ತು.

ಪಂಪು ಕೂಗಿತು. ಕೋಣೆ ತುಂಬ, ಮೆಟ್ಟಿಲವರೆಗೆ, ನಕ್ಕಿದ್ದ ನಾಲ್ವರೂ ಕಿವಿ ಮುಚ್ಚಿಕೊಳ್ಳುವಂತೆ ಕೂಗಿತು. ನನಗೆ ಕುಣಿಯಬೇಕೆನಿಸಿತು.

"ಸಾಕು, ನಿಲ್ಲಿಸಿ," ಅಂದರು ಶಾಸನದವರು.

ಅತ್ತಿಗೆ ಗುಂಡಿಯ ಮೇಲೆ ಕೈ ಅಡ್ಡ ಇಟ್ಟರು.

"ಇರಲಿ ಬಿಡಿ ಸರ್," ಅಂದರು, ಕಣ್ಣು ಒರೆಸಿಕೊಂಡು ನಗುತ್ತ. "ಮೂರು ದಿನ ಕಾದಿದೀನಿ, ಒಂದು ನಿಮಿಷ ಕೇಳ್ತೀನಿ."